ಮಳೆ ನಿಂತರೂ ಮರದ ಹನಿ ನಿಲ್ಲದು

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಳ್ಳಿಯ ಹಿರಿಯರು ಹೇಳುತ್ತಾರೆ. ಏಪ್ರಿಲ್ ಕೊನೆಯಿಂದ ಮೇ ಎರಡನೆಯ ವಾರದವರೆಗೆ ಬರುವ ಮಳೆ ಅದು. ಹೊಲ ಇರುವವರಿಗೆ ಅದು ಹಬ್ಬ. ಆದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಅಡ್ಡರಸ್ತೆಗಳಲ್ಲಿ ಇರುವವರಿಗೆ ಅದೇ ಮಳೆ ಇನ್ನೊಂದು ಸುದ್ದಿಯನ್ನೂ ತರುತ್ತದೆ. ಮಧ್ಯಾಹ್ನದವರೆಗೆ ಸುಡುಬಿಸಿಲು. ನಾಲ್ಕು ಗಂಟೆಗೆ ಪಡುವಣದಲ್ಲೋ ತೆಂಕಣದಲ್ಲೋ ಕಪ್ಪು ಮೋಡ. ಐದಕ್ಕೆ ಗಾಳಿ, ಧೂಳು, ಆಮೇಲೆ ದಪ್ಪ ದಪ್ಪ ಹನಿ. ಕರೆಂಟು ಹೋಗುತ್ತದೆ. ಎಲ್ಲೋ ದೊಡ್ಡದಾಗಿ 'ಚಟ್' ಎಂದು ಸದ್ದು. ಬೆಳಿಗ್ಗೆ ಹಾಲು ತರಲು ಹೋದವರು ಬಂದು ಹೇಳುತ್ತಾರೆ: "ಮೂರನೇ ಕ್ರಾಸಿನ ಗುಲ್‌ಮೊಹರ್ ಬಿದ್ದುಹೋಗಿದೆ!"

ಮಕ್ಕಳೇ, ಆ ಬಿದ್ದ ಮರಕ್ಕೆ ಆಮೇಲೆ ಏನಾಗುತ್ತದೆ? ಅದನ್ನು ಯಾರು ಎತ್ತುತ್ತಾರೆ, ಹೇಗೆ ಎತ್ತುತ್ತಾರೆ? ಅದು ಬಿದ್ದದ್ದಾದರೂ ಏಕೆ? ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆ ಇದೆಯಲ್ಲ, ಹಾಗೆಯೇ ಮಳೆ ನಿಂತ ಮೇಲೂ ಮರದ ಕೆಲಸ ಬಹಳ ಹೊತ್ತು ನಡೆಯುತ್ತಲೇ ಇರುತ್ತದೆ.

ಒಂದೇ ದಿನದ ದಾಖಲೆ

2024ರ ಜೂನ್ 2, ಭಾನುವಾರ. ಅಂದು ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದೇ ದಿನದಲ್ಲಿ ಅಷ್ಟು ಮಳೆ 133 ವರ್ಷಗಳಲ್ಲಿ ಬಂದಿರಲಿಲ್ಲ. ಅದಕ್ಕೆ ಹಿಂದಿನ ದಾಖಲೆ 1891ರ ಜೂನ್ 16ರದು, 101.6 ಮಿಲಿಮೀಟರ್.

111 ಮಿಲಿಮೀಟರ್ ಎಂದರೆ ಎಷ್ಟು ನೀರು? ಒಂದು ಲೆಕ್ಕ ಮಾಡೋಣ. ನಮ್ಮ ಬಡಾವಣೆಗಳಲ್ಲಿ 30-40 ಅಡಿಯ ನಿವೇಶನ ಎಲ್ಲರಿಗೂ ಗೊತ್ತು. ಅದರ ವಿಸ್ತೀರ್ಣ 1,200 ಚದರ ಅಡಿ, ಅಂದರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹಾಗಾದರೆ ಆ ಒಂದು ನಿವೇಶನದ ಮೇಲೆ ಅಂದು ಬಿದ್ದದ್ದು ಸುಮಾರು 12,300 ಲೀಟರ್. 6,000 ಲೀಟರಿನ ಎರಡು ಟ್ಯಾಂಕರ್ ನೀರು! ಅದೂ ಗಾಳಿಯ ಜೊತೆಗೆ.

ಅಂದು ನಗರದಲ್ಲಿ ನೂರಾರು ಮರಗಳು ಬುಡಮೇಲಾದವು, ನೂರಾರು ಕೊಂಬೆಗಳು ಮುರಿದವು. ಟ್ರಿನಿಟಿ ನಿಲ್ದಾಣದ ಬಳಿ ಮೆಟ್ರೊ ಹಳಿಯ ಮೇಲೇ ಮರ ಬಿದ್ದು ನೇರಳೆ ಮಾರ್ಗದ ರೈಲುಗಳಿಗೆ ತಡೆಯಾಯಿತು. ವಿಜಯನಗರದಿಂದಲೋ ಕೆಂಗೇರಿಯಿಂದಲೋ ಎಂ.ಜಿ. ರಸ್ತೆಯ ಕಡೆಗೆ ಹೋಗುವವರು ಹತ್ತುವುದು ಇದೇ ನೇರಳೆ ಮಾರ್ಗದ ರೈಲನ್ನು.

ನಮ್ಮ ಆಲಿಕಲ್ಲು, ಅವರ ಮಂಜುಗಡ್ಡೆ ಮಳೆ

ಬೇಸಿಗೆಯ ಮಳೆಯಲ್ಲಿ ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತದೆ. ತಾತ, ಅಜ್ಜಿಯರನ್ನು ಕೇಳಿ ನೋಡಿ. ಅಂಗಳಕ್ಕೆ ಪಾತ್ರೆ ಹಿಡಿದು ಓಡಿ ಆಲಿಕಲ್ಲು ಆರಿಸಿದ ಕಥೆ ಪ್ರತಿಯೊಬ್ಬರಲ್ಲೂ ಇರುತ್ತದೆ. ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ರಭಸವಾಗಿ ಮೇಲೇರುತ್ತದೆ. ಅದು ಮೋಡದೊಳಗಿನ ನೀರಹನಿಗಳನ್ನು ಮೇಲೆ, ಕೊರೆಯುವ ಚಳಿ ಇರುವಲ್ಲಿಗೆ ಎತ್ತುತ್ತದೆ. ಅಲ್ಲಿ ಹನಿ ಗಟ್ಟಿಯಾಗುತ್ತದೆ. ಅದರ ಸುತ್ತ ಇನ್ನಷ್ಟು ನೀರು ಅಂಟಿ ಹೆಪ್ಪುಗಟ್ಟುತ್ತದೆ. ಭಾರ ತಡೆಯಲಾರದೆ ಗಾಳಿ ಕೈಬಿಟ್ಟಾಗ ಕಲ್ಲು ಕೆಳಗೆ ಬೀಳುತ್ತದೆ. ಆಲಿಕಲ್ಲನ್ನು ಎರಡು ಹೋಳು ಮಾಡಿದರೆ ಎಷ್ಟೋ ಸಲ ಈರುಳ್ಳಿಯಂತೆ ಪದರಗಳು ಕಾಣುವುದು ಇದೇ ಕಾರಣಕ್ಕೆ.

ಅಮೆರಿಕ, ಕೆನಡಾದಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಅಜ್ಜ ಅಜ್ಜಿಯರು ಫೋನಿನಲ್ಲಿ ಇನ್ನೊಂದು ಬಗೆಯ ಮಳೆಯ ಸುದ್ದಿ ಕೇಳಿರಬಹುದು. ಅಲ್ಲಿ ಚಳಿಗಾಲದಲ್ಲಿ ಮೇಲಿನ ಗಾಳಿ ಬೆಚ್ಚಗಿದ್ದು ನೆಲದ ಹತ್ತಿರದ ಗಾಳಿ ಮಾತ್ರ ಕೊರೆಯುವಷ್ಟು ತಣ್ಣಗಿರುವ ದಿನಗಳು ಬರುತ್ತವೆ. ಆಗ ಮಳೆ ನೀರಾಗಿಯೇ ಬೀಳುತ್ತದೆ, ಆದರೆ ಕೊಂಬೆಯನ್ನೋ ತಂತಿಯನ್ನೋ ಮುಟ್ಟಿದ ಕೂಡಲೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಗಂಟೆ ಗಂಟೆಗೂ ಭಾರ ಏರುತ್ತದೆ. ಕೊನೆಗೆ ಮರ ಮುರಿಯುತ್ತದೆ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್, ಒಂಟಾರಿಯೊ ಪ್ರಾಂತ್ಯಗಳಲ್ಲಿ ಇಂಥ ಮಳೆ ದಿನಗಟ್ಟಲೆ ಸುರಿದು ಲಕ್ಷಾಂತರ ಮನೆಗಳು ಕತ್ತಲಾದವು. ಮಾಂಟ್ರಿಯಲ್ ನಗರದ ನಡುವೆ ಇರುವ ಮೌಂಟ್ ರಾಯಲ್ ಗುಡ್ಡದ ಮರಗಳಲ್ಲಿ ಬಹುಪಾಲು ಘಾಸಿಗೊಂಡವು. ಕಾಡುದಾರಿಗಳ ಮೇಲೆ ಬಿದ್ದ ಕೊಂಬೆಗಳನ್ನು ತೆಗೆಯುವುದೇ ಅಲ್ಲಿ ದೊಡ್ಡ ಕೆಲಸವಾಯಿತು. ಅಲ್ಲಿ ಮರವನ್ನು ಮುರಿಯುವುದು ಮಂಜುಗಡ್ಡೆಯ ಭಾರ. ಇಲ್ಲಿ ಗಾಳಿ ಮತ್ತು ನೀರು. ಆಮೇಲಿನ ಕೆಲಸ ಮಾತ್ರ ಎರಡೂ ಕಡೆ ಒಂದೇ.

ಗಾಳಿ ಬೀಸಿದ್ದಕ್ಕೇ ಬಿತ್ತೇ?

ಮರ ಬಿದ್ದಾಗ ನಾವು ಗಾಳಿಯನ್ನು ಬಯ್ಯುತ್ತೇವೆ. ಆದರೆ ಅದೇ ರಸ್ತೆಯಲ್ಲಿ ಅದೇ ಗಾಳಿಗೆ ಪಕ್ಕದ ಮರ ಅಲುಗದೆ ನಿಂತಿರುತ್ತದೆ. ಏಕೆ?

ಮೊದಲನೆಯದು ಮರದ ಜಾತಿ. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದಿಂದ ಬಂದದ್ದು. ಕೊಡೆಯಂತೆ ಹರಡುತ್ತದೆ, ಮೇ ತಿಂಗಳಲ್ಲಿ ಬೆಂಕಿಯಂತೆ ಹೂ ಬಿಡುತ್ತದೆ. ಆದರೆ ಅದರ ಬೇರು ಆಳಕ್ಕಿಂತ ಅಗಲಕ್ಕೇ ಹೆಚ್ಚು ಹರಡುತ್ತದೆ, ಕೊಂಬೆ ಬೇಗ ಮುರಿಯುತ್ತದೆ. ಅಮೆರಿಕ ಖಂಡದ ಮಳೆಮರದ ಕೊಂಬೆಗಳು ರಸ್ತೆಯ ಆಚೆ ದಡದವರೆಗೂ ಚಾಚಿ ತಮ್ಮ ಭಾರಕ್ಕೆ ತಾವೇ ಬಾಗುತ್ತವೆ. ಹಳದಿ ಹೂವಿನ ಕಾಪರ್‌ಪಾಡ್, ಕೇಸರಿ ಹೂವಿನ ಆಫ್ರಿಕನ್ ಟ್ಯೂಲಿಪ್ ಕೂಡ ಬೇಗ ಬೆಳೆಯುವ ಮರಗಳೇ. ನಮ್ಮ ಹೊಂಗೆ, ಬೇವು ನಿಧಾನವಾಗಿ ಬೆಳೆದರೂ ಗಾಳಿಗೆ ಹೆಚ್ಚು ತಾಳುತ್ತವೆ.

ಎರಡನೆಯದು ಬೇರು. ಮರಕ್ಕೆ ಎರಡು ಬಗೆಯ ಬೇರು ಬೇಕು. ನೀರು ಹೀರುವ ಸಣ್ಣ ಬೇರು, ಹಿಡಿದು ನಿಲ್ಲಿಸುವ ದಪ್ಪ ಬೇರು. ಮೋರಿ ಕಟ್ಟುವಾಗ, ಕೇಬಲ್ ಹಾಕುವಾಗ, ಪೈಪು ಹೂಳುವಾಗ ಗುಂಡಿ ತೋಡುವವರು ಅಡ್ಡ ಸಿಕ್ಕ ದಪ್ಪ ಬೇರನ್ನು ಕತ್ತರಿಸುತ್ತಾರೆ. ಮರ ತಕ್ಷಣ ಒಣಗುವುದಿಲ್ಲ, ಸಣ್ಣ ಬೇರುಗಳು ನೀರು ಕೊಡುತ್ತಲೇ ಇರುತ್ತವೆ. ಹಸಿರು ಎಲೆ ನೋಡಿ ನಾವು 'ಚೆನ್ನಾಗಿದೆ' ಎಂದುಕೊಳ್ಳುತ್ತೇವೆ. ಎರಡು ಮೂರು ವರ್ಷ ಬಿಟ್ಟು ಒಂದು ಸಂಜೆ, ಮಣ್ಣು ನೆನೆದು ಮೆತ್ತಗಾದಾಗ, ಹಿಡಿದುಕೊಳ್ಳಲು ಕೈಯಿಲ್ಲದ ಮರ ಉರುಳುತ್ತದೆ.

ಮೂರನೆಯದು ಒಂದೇ ಮಗ್ಗುಲಿನ ಕತ್ತರಿ. ವಿದ್ಯುತ್ ತಂತಿಗೆ ತಾಗುತ್ತದೆ ಎಂದು ಒಂದು ಕಡೆಯ ಕೊಂಬೆಗಳನ್ನು ಮಾತ್ರ ಕಡಿದರೆ ಮರದ ಭಾರವೆಲ್ಲ ಇನ್ನೊಂದು ಕಡೆಗೆ ವಾಲುತ್ತದೆ. ತಲೆಯ ಮೇಲೆ ಬಿಂದಿಗೆ ಹೊತ್ತವರು ನೇರವಾಗಿ ನಡೆಯಬಲ್ಲರು. ಒಂದೇ ಕೈಯಲ್ಲಿ ಎರಡು ಬಿಂದಿಗೆ ಹಿಡಿದವರು ವಾಲಲೇಬೇಕು.

ನಾಲ್ಕನೆಯದು ಬುಡಕ್ಕೆ ಸುರಿದ ಕಾಂಕ್ರೀಟು. ಕಾಂಡಕ್ಕೆ ಅಂಟಿಕೊಂಡು ಸಿಮೆಂಟು ಹಾಕಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ತೊಗಟೆ ಗಾಯವಾದಲ್ಲಿ ಶಿಲೀಂಧ್ರ ಸೇರಿ ಒಳಗಿನಿಂದಲೇ ಕೊಳೆಯಿಸುತ್ತದೆ.

ಇನ್ನೊಂದು ಸಂಗತಿ. ಬೆಂಗಳೂರಿನ ಬೀದಿಮರಗಳ ಕಥೆಯಲ್ಲಿ ಎರಡು ಹೆಸರು ಮುಖ್ಯ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಜಿ.ಎಚ್. ಕ್ರುಂಬಿಗಲ್ ಲಾಲ್‌ಬಾಗನ್ನು ನೋಡಿಕೊಂಡವರು. ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದವರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಡಲಾಯಿತು. ಆಗಿನ ಗಿಡಗಳಲ್ಲಿ ಉಳಿದಿರುವುದಕ್ಕೆ ಈಗ ನಲವತ್ತು ದಾಟಿದೆ. ನಿಮ್ಮ ಅಪ್ಪ ಅಮ್ಮನ ವಯಸ್ಸು! ನೆಡುವಾಗ ಅದರ ಸುತ್ತ ಮಣ್ಣಿತ್ತು, ರಸ್ತೆಯಲ್ಲಿ ಸೈಕಲ್ ಓಡುತ್ತಿತ್ತು. ಇಂದು ಅದರ ಕಾಲಿನ ಕೆಳಗೆ ಮೋರಿ, ಪೈಪು, ಕೇಬಲ್ಲು. ಮೈಗೆ ಮೊಳೆ, ಜಾಹೀರಾತು, ದೀಪದ ಸರ. ಮರ ಬದಲಾಗಿಲ್ಲ. ಅದು ನಿಂತ ರಸ್ತೆ ಬದಲಾಯಿತು.

ಬಿದ್ದ ಮರ ತೆರವಾಗುವುದು ಹೀಗೆ

ಮಲೆನಾಡಿನ ಘಾಟಿ ರಸ್ತೆಯಲ್ಲಿ ಮಳೆಗಾಲಕ್ಕೆ ಮರ ಅಡ್ಡ ಬಿದ್ದರೆ ಬಸ್ಸಿನಲ್ಲಿದ್ದವರೇ ಇಳಿದು, ಕತ್ತಿ ಕೊಡಲಿ ಹುಡುಕಿ, ದಾರಿ ಬಿಡಿಸಿಕೊಂಡು ಹೋಗುವುದುಂಟು. ನಗರದಲ್ಲಿ ಹಾಗೆ ಮಾಡುವಂತಿಲ್ಲ. ಇಲ್ಲಿ ಮರದ ಜೊತೆ ತಂತಿಯೂ ಬಿದ್ದಿರುತ್ತದೆ. ಅದಕ್ಕೇ ಮೊದಲ ಕೆಲಸ ಮರದ್ದಲ್ಲ, ಕರೆಂಟಿನದು. ಬೆಸ್ಕಾಂ ಲೈನ್‌ಮನ್ ಬಂದು ವಿದ್ಯುತ್ ನಿಲ್ಲಿಸಿದ್ದೇನೆ ಎಂದು ಖಚಿತಪಡಿಸುವವರೆಗೆ ಯಾರೂ ಕೊಂಬೆ ಮುಟ್ಟಬಾರದು. ಹಸಿ ಕೊಂಬೆಯಲ್ಲಿ, ಒದ್ದೆ ನೆಲದಲ್ಲಿ ಕೂಡ ವಿದ್ಯುತ್ ಹರಿಯುತ್ತದೆ.

ಆಮೇಲೆ ನಗರ ಪಾಲಿಕೆಯ ಅರಣ್ಯ ವಿಭಾಗದ ತಂಡ ಬರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾದವು. ಹೆಸರು ಬದಲಾದರೂ ಕೆಲಸ ಅದೇ. ತಂಡದವರ ಬಳಿ ಹಗ್ಗ, ಮಚ್ಚು, ಕೊಡಲಿ, ಯಂತ್ರದ ಗರಗಸ ಇರುತ್ತವೆ. ದೊಡ್ಡ ಮರವಾದರೆ ಕ್ರೇನ್ ಬೇಕು. ಎಷ್ಟೋ ಸಲ ಇವರು ರಾತ್ರಿಯಿಡೀ, ಟಾರ್ಚ್ ಬೆಳಕಿನಲ್ಲಿ, ಜಿಟಿಜಿಟಿ ಮಳೆಯಲ್ಲೇ ಕೆಲಸ ಮಾಡುತ್ತಾರೆ.

ಮೊದಲು ಸಣ್ಣ ರೆಂಬೆಗಳನ್ನು ಕಡಿದು ಪಕ್ಕಕ್ಕೆ ಎಳೆಯುತ್ತಾರೆ. ಆಗ ಮರ ಯಾವುದರ ಮೇಲೆ ಒರಗಿದೆ, ಯಾವ ಕೊಂಬೆ ಭಾರ ಹೊತ್ತಿದೆ ಎಂಬುದು ಕಾಣುತ್ತದೆ. ಇದೇ ಅತಿ ಮುಖ್ಯ. ಬಿದ್ದ ಮರದ ಕೆಳಗೆ ಬಾಗಿ ಸಿಕ್ಕಿಕೊಂಡ ಕೊಂಬೆ ಎಳೆದ ಬಿಲ್ಲಿನ ಹಾಗೆ. ತಪ್ಪಾದ ಕಡೆ ಗರಗಸ ಇಟ್ಟರೆ ಚಿಮ್ಮಿ ಕಡಿಯುವವರಿಗೇ ಬಡಿಯುತ್ತದೆ.

ಬುಡಸಮೇತ ಕಿತ್ತುಬಂದ ಮರದಲ್ಲಿ ಇನ್ನೊಂದು ಅಪಾಯವಿದೆ. ಬೇರಿನ ಜೊತೆ ಮಣ್ಣಿನ ದೊಡ್ಡ ಹೆಂಟೆ ಎದ್ದು ನಿಂತಿರುತ್ತದೆ, ಅದರ ಹಿಂದೆ ಗುಂಡಿ. ಮಕ್ಕಳಿಗೆ ಅದು ಆಟದ ಗುಹೆಯಂತೆ ಕಾಣುತ್ತದೆ. ಆದರೆ ಕಾಂಡವನ್ನು ಕತ್ತರಿಸಿದ ಕೂಡಲೇ ಮುಂದಿನ ಭಾರ ತಪ್ಪಿ, ಆ ಬೇರಿನ ಬುಡ ಧೊಪ್ಪನೆ ಹಿಂದಕ್ಕೆ ಗುಂಡಿಗೇ ಬೀಳಬಹುದು. ಆ ಗುಂಡಿಗೆ ಯಾರೂ ಇಳಿಯಬಾರದು.

ಮರ ನಿಂತಿದ್ದು ಒಂದು ಕೊಂಬೆ ಮಾತ್ರ ಮುರಿದು ನೇತಾಡುತ್ತಿದ್ದರೆ ಬೇರೆ ವಿಧಾನ. ಬಲ್ಲವರು ಮೂರು ಸಲ ಕೊಯ್ಯುತ್ತಾರೆ. ಕಾಂಡದಿಂದ ಸುಮಾರು ಒಂದಡಿ ದೂರದಲ್ಲಿ ಕೊಂಬೆಯ ಕೆಳಗಿನಿಂದ ಒಂದು ಕೊಯ್ತ. ಅದಕ್ಕಿಂತ ತುಸು ಆಚೆ ಮೇಲಿನಿಂದ ಎರಡನೆಯದು. ಆಗ ಕೊಂಬೆ ತೊಗಟೆಯನ್ನು ಸುಲಿದುಕೊಂಡು ಹೋಗದೆ ಬೀಳುತ್ತದೆ. ಉಳಿದ ಮೋಟನ್ನು ಕಾಂಡದ ಹತ್ತಿರ, ಕೊಂಬೆಯ ಬುಡದಲ್ಲಿರುವ ಉಬ್ಬಿಗೆ ಗಾಯವಾಗದಂತೆ ಮೂರನೆಯ ಸಲ ಕೊಯ್ಯುತ್ತಾರೆ. ಆ ಉಬ್ಬೇ ಹೊಸ ತೊಗಟೆ ಬೆಳೆಸಿ ಗಾಯವನ್ನು ಮುಚ್ಚುವುದು. ಅದನ್ನೂ ಸೇರಿಸಿ ಕಡಿದರೆ ಗಾಯ ಮಾಯುವುದು ಕಷ್ಟ.

ಕಾಡುದಾರಿಯ ನಿಯಮ ಬೇರೆ

ನಾಗರಬಾವಿಯಿಂದ ಕೆಂಗೇರಿಯ ಕಡೆಗೆ ಹೋಗುವಾಗ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಸಿಗುತ್ತದೆ. ಸಾವಿರ ಎಕರೆಗೂ ದೊಡ್ಡದಾದ ಜಾಗ. ವೃಷಭಾವತಿ ಹರಿಯುವ, ನವಿಲು ಕೂಗುವ ಈ ಆವರಣ ಪಶ್ಚಿಮ ಬೆಂಗಳೂರಿನ ಬಹು ಜನರಿಗೆ ಬೆಳಗಿನ ವಾಯುವಿಹಾರದ ತಾಣ. ಇಂಥ ಮರಗಾಡಿನ ದಾರಿಯಲ್ಲಿ ಕೊಂಬೆ ಬಿದ್ದರೆ ಬೀದಿಯಂತೆ ಎಲ್ಲವನ್ನೂ ಲಾರಿಗೆ ತುಂಬಬೇಕಿಲ್ಲ. ದಾರಿಯಷ್ಟನ್ನೇ ಬಿಡಿಸಿ, ಕೊಂಬೆಯನ್ನು ಪಕ್ಕಕ್ಕೆ ಸರಿಸಿದರೆ ಸಾಕು.

ಏಕೆಂದರೆ ಕಾಡಿನಲ್ಲಿ ಬಿದ್ದ ಮರ ಕಸವಲ್ಲ. ಅದರ ಮೇಲೆ ಅಣಬೆ ಏಳುತ್ತದೆ, ಒಳಗೆ ಜೀರುಂಡೆಯ ಮರಿಹುಳು ಬೆಳೆಯುತ್ತದೆ. ಹುಳು ಹುಡುಕಿ ಮರಕುಟಿಗ ಬರುತ್ತದೆ. ಓತಿಕ್ಯಾತ ಬಿಸಿಲು ಕಾಯಿಸುತ್ತದೆ. ಕೆಲವು ವರ್ಷಗಳಲ್ಲಿ ಅದು ಪುಡಿಯಾಗಿ ಮಣ್ಣಿಗೆ ಸೇರಿ ಇನ್ನೊಂದು ಗಿಡಕ್ಕೆ ಗೊಬ್ಬರವಾಗುತ್ತದೆ. ಆದರೆ ದಾರಿಯ ಮೇಲೆ ಅರ್ಧ ಮುರಿದು ನೇತಾಡುವ ಕೊಂಬೆಯನ್ನು ಮಾತ್ರ ಬಿಡುವಂತಿಲ್ಲ. ಅಂಥದ್ದು ಕಂಡರೆ ಕೆಳಗೆ ಹಾಯದೆ ಬೇರೆ ದಾರಿ ಹಿಡಿದು, ಕಾವಲುಗಾರರಿಗೆ ತಿಳಿಸಬೇಕು. ನೆಲದ ಮೇಲಿನ ಕೊಂಬೆಯನ್ನು ಎತ್ತುವ ಮೊದಲು ಹಿರಿಯರು ಉದ್ದ ಕೋಲಿನಿಂದ ಒಮ್ಮೆ ತಟ್ಟಿ ನೋಡುವುದು ಒಳ್ಳೆಯದು. ಅಡಿಯಲ್ಲಿ ಚೇಳೋ ಹಾವೋ ಇರಬಹುದು.

ಗೂಡು ಕಳೆದುಕೊಂಡವರು

ಮರ ಬಿದ್ದ ಬೆಳಿಗ್ಗೆ ರಸ್ತೆಯ ಮೇಲೆ ಇನ್ನೊಂದು ಗುಂಪು ದಿಕ್ಕು ತೋಚದೆ ಕುಳಿತಿರುತ್ತದೆ. ಕಣ್ಣು ಬಿಡದ ಅಳಿಲಮರಿ, ಹದ್ದಿನ ಮರಿ, ಪೊಟರೆಯ ಗಿಳಿ, ಗೂಬೆ. ಬೇಸಿಗೆಯ ಬಿರುಮಳೆ ಬರುವ ಹೊತ್ತಿಗೆ ಎಷ್ಟೋ ಗೂಡುಗಳಲ್ಲಿ ಇನ್ನೂ ಮರಿಗಳಿರುತ್ತವೆ.

ಹಾರಲು ಕಲಿಯುತ್ತಿರುವ, ಗಾಯವಿಲ್ಲದ ಮರಿಯಾದರೆ ನಾಯಿ ಬೆಕ್ಕಿಗೆ ಸಿಗದಂತೆ ಹತ್ತಿರದ ಪೊದೆಯಲ್ಲೋ ಎತ್ತರದ ಬುಟ್ಟಿಯಲ್ಲೋ ಇಟ್ಟು ದೂರದಿಂದ ನೋಡಬೇಕು. ಬಹಳ ಸಲ ತಾಯಿ ಬರುತ್ತದೆ. ಮನುಷ್ಯರು ಮುಟ್ಟಿದರೆ ತಾಯಿಹಕ್ಕಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬುದು ನಿಜವಲ್ಲ. ಗಾಯವಾಗಿದ್ದರೆ, ರೆಕ್ಕೆ ಮೂಡದ ಎಳೆಮರಿಯಾಗಿದ್ದರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿ ಬೆಚ್ಚಗಿಡಿ. ಬಾಯಿಗೆ ಹಾಲು, ನೀರು ಹಾಕಬೇಡಿ. ನೀರು ಶ್ವಾಸಕ್ಕೆ ಹೋಗಿ ಮರಿ ಸಾಯಬಹುದು. ನಮ್ಮ ಭಾಗದವರ ಭಾಗ್ಯವೆಂದರೆ ಗಾಯಗೊಂಡ ಕಾಡುಜೀವಿಗಳಿಗೆ ಚಿಕಿತ್ಸೆ ನೀಡುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಆಸ್ಪತ್ರೆ ಕೆಂಗೇರಿಯ ಬಳಿಯೇ ಇದೆ. ಹಿರಿಯರು ಅಲ್ಲಿಗೆ ಫೋನ್ ಮಾಡಿ ಕೇಳಬಹುದು.

ಎಲ್ಲ ಮರ ಕಡಿದುಬಿಟ್ಟರೆ?

ಬಿರುಮಳೆಯ ಮರುದಿನ ಪ್ರತಿ ಬೀದಿಯಲ್ಲೂ ಒಂದು ವಾದ ಏಳುತ್ತದೆ. "ಇನ್ನು ಸಾಕು, ಉಳಿದದ್ದನ್ನೂ ಕಡಿಸಿಬಿಡಿ. ನಾಳೆ ಯಾರ ತಲೆ ಮೇಲೆ ಬಿದ್ದರೆ?" ಎನ್ನುವವರು ಒಂದು ಕಡೆ. "ಒಂದು ರೆಂಬೆಯನ್ನೂ ಮುಟ್ಟಬೇಡಿ" ಎನ್ನುವವರು ಇನ್ನೊಂದು ಕಡೆ.

ಮೊದಲಿನವರ ಭಯವನ್ನು ಸುಳ್ಳು ಎನ್ನಲಾಗದು. ಬೆಂಗಳೂರಿನಲ್ಲಿ ಮರ, ಕೊಂಬೆ ಬಿದ್ದು ಜನ ಸತ್ತದ್ದುಂಟು. ಬದುಕು ಮುಂದಿದ್ದ ಎಳೆಯರೂ ಅವರಲ್ಲಿದ್ದರು. ಹಾಗೆಂದು ಮರವೇ ಇಲ್ಲದ ಬೀದಿಯ ಬೆಲೆಯೂ ಚಿಕ್ಕದಲ್ಲ. ಏಪ್ರಿಲ್ ಮಧ್ಯಾಹ್ನ ಮಾಗಡಿ ರಸ್ತೆಯ ಬಿಸಿಲಿನಲ್ಲಿ ನಡೆದು, ಆಮೇಲೆ ಮರಗಳಿರುವ ಒಂದು ಅಡ್ಡರಸ್ತೆಗೆ ತಿರುಗಿದವರಿಗೆ ಅದು ಮೈಗೇ ಗೊತ್ತಾಗುತ್ತದೆ.

ಎರಡು ಮಾತಿಗೂ ನಡುವೆ ಮೂರನೆಯ ದಾರಿಯಿದೆ. ಅದು ಬೀಳುವ ಮೊದಲೇ ನೋಡುವುದು. ಹಲ್ಲು ನೋವು ಬರುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸುವ ಹಾಗೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲಿ ಬಂತು. ಅದರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಮರ ಅಪಾಯಕಾರಿಯಾಗಿದೆ ಎಂದು ಅನಿಸಿದರೆ ಆ ಅಧಿಕಾರಿಗೇ ಬರೆದು ತಿಳಿಸಬಹುದು. ಇಡೀ ಮರ ತೆಗೆಯಬೇಕೋ, ಒಣಕೊಂಬೆ ತೆಗೆದರೆ ಸಾಕೋ ಎಂಬುದನ್ನು ತಿಳಿದವರು ನೋಡಿ ಹೇಳಬೇಕು. ಪೊಟರೆ ಬಿದ್ದ ಮರವೆಲ್ಲ ಬೀಳುವುದಿಲ್ಲ. ಕಾಂಡದ ನಡುಭಾಗ ಸತ್ತ ಮರ, ಜೀವ ಇರುವುದು ಹೊರಗಿನ ಪದರದಲ್ಲಿ. ಆ ಪದರ ದಪ್ಪಗಿದ್ದರೆ ಟೊಳ್ಳು ಮರವೂ ಬಹಳ ಕಾಲ ಬಾಳುತ್ತದೆ. ಕೆಂಗೇರಿಯಿಂದ ಮುಂದೆ, ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರವನ್ನು ನೋಡಿದ್ದೀರಾ? ಸುಮಾರು ಮೂರು ಎಕರೆ ಹರಡಿದೆ. ಅದರ ಮೂಲ ಕಾಂಡ ರೋಗ ತಗುಲಿ ಎಂದೋ ಹೋಯಿತು. ನೆಲಕ್ಕಿಳಿದ ಬಿಳಲುಗಳೇ ಕಾಂಡವಾಗಿ ಮರವನ್ನು ಹೊತ್ತು ನಿಂತಿವೆ.

ತಾತ ಮೊಮ್ಮಕ್ಕಳ ಒಂದು ಸಂಜೆ

ಮುಂದಿನ ಭಾನುವಾರ ಅಜ್ಜನೋ ಅಜ್ಜಿಯೋ ಜೊತೆಗಿದ್ದರೆ ಒಂದು ನೋಟ್‌ಬುಕ್ ಹಿಡಿದು ನಿಮ್ಮ ರಸ್ತೆಯ ಆ ತುದಿಯಿಂದ ಈ ತುದಿಗೆ ನಡೆಯಿರಿ. ಪ್ರತಿ ಮರಕ್ಕೂ ಒಂದು ಪುಟ. ಮರದ ಹೆಸರು, ಯಾವ ಮನೆಯ ಮುಂದಿದೆ, ಯಾರು ನೆಟ್ಟದ್ದು ಎಂಬುದನ್ನು ಬರೆಯಿರಿ. ಕೊನೆಯದನ್ನು ಹೇಳಬಲ್ಲವರು ಹಿರಿಯರು ಮಾತ್ರ! ಆಮೇಲೆ ಇವನ್ನು ನೋಡಿ:

• ಬುಡದ ಒಂದು ಕಡೆ ಮಣ್ಣು ಬಿರುಕು ಬಿಟ್ಟು ಮೇಲೆದ್ದಿದೆಯೇ? ಮರ ಮೊದಲಿಗಿಂತ ಹೆಚ್ಚು ವಾಲಿದೆಯೇ?

• ಬುಡದಲ್ಲಿ, ಕಾಂಡದಲ್ಲಿ ಅಣಬೆ ಎದ್ದಿದೆಯೇ?

• ಎಲ್ಲ ಕೊಂಬೆ ಹಸಿರಾಗಿರುವಾಗ ಒಂದು ಮಾತ್ರ ಎಲೆಯಿಲ್ಲದೆ ಒಣಗಿದೆಯೇ?

• ಎರಡು ದಪ್ಪ ಕೊಂಬೆ ಕವಲೊಡೆದ ಜಾಗದಲ್ಲಿ ಸೀಳು ಕಾಣುತ್ತಿದೆಯೇ?

• ಹತ್ತಿರದಲ್ಲಿ ಇತ್ತೀಚೆಗೆ ಯಾರಾದರೂ ಗುಂಡಿ ತೋಡಿ ಬೇರು ಕಡಿದಿದ್ದಾರೆಯೇ?

• ಕಾಂಡಕ್ಕೆ ಮೊಳೆ, ತಂತಿ, ಕಾಂಕ್ರೀಟು ತಾಗಿದೆಯೇ?

ಇವುಗಳಲ್ಲಿ ಯಾವುದಾದರೂ ಕಂಡರೆ ಹಿರಿಯರು ಪಾಲಿಕೆಯ ಸಹಾಯವಾಣಿ 1533ಕ್ಕೆ ಹೇಳಬಹುದು. ತಂತಿಗೆ ಕೊಂಬೆ ತಾಗಿದ್ದರೆ, ತಂತಿ ತುಂಡಾಗಿದ್ದರೆ ಬೆಸ್ಕಾಂ ಸಂಖ್ಯೆ 1912. ಯಾರಿಗಾದರೂ ಪೆಟ್ಟಾಗಿದ್ದರೆ 112. ತುಂಡಾದ ತಂತಿ ಕಂಡರೆ ಕನಿಷ್ಠ ಹತ್ತು ಮೀಟರ್ ದೂರ ಇರಿ. ಹತ್ತಿರದಲ್ಲೇ ಇದ್ದುಬಿಟ್ಟರೆ ಓಡಬೇಡಿ. ಎರಡೂ ಪಾದಗಳನ್ನು ಒಟ್ಟಿಗೆ ಇಟ್ಟು, ನೆಲದಿಂದ ಎತ್ತದೆ, ಪುಟ್ಟ ಪುಟ್ಟದಾಗಿ ಜರುಗುತ್ತಾ ದೂರ ಸರಿಯಿರಿ. ಗುಡುಗು ಗಾಳಿ ಇರುವಾಗ ಮರದ ಕೆಳಗೆ ನಿಲ್ಲುವುದು, ಸ್ಕೂಟರ್ ನಿಲ್ಲಿಸುವುದು ಎರಡೂ ಬೇಡ.

ಬಿದ್ದ ಮರದ ಕಾಂಡ ಪಾಲಿಕೆಯವರ ಲಾರಿ ಏರಿ ಹೋದ ಮೇಲೂ ರಸ್ತೆಯಲ್ಲಿ ರಾಶಿ ಎಲೆ ಉಳಿಯುತ್ತದೆ. ದಯವಿಟ್ಟು ಅದಕ್ಕೆ ಬೆಂಕಿ ಹಾಕಬೇಡಿ. ಹಳ್ಳಿಯಲ್ಲಿ ಸೊಪ್ಪು ಕೊಟ್ಟಿಗೆಗೆ, ಅಲ್ಲಿಂದ ತಿಪ್ಪೆಗೆ, ತಿಪ್ಪೆಯಿಂದ ಗದ್ದೆಗೆ ಹೋಗುತ್ತಿದ್ದುದನ್ನು ಅಜ್ಜಿ ಹೇಳುತ್ತಾರೆ ಕೇಳಿ. ಅದೇ ಎಲೆಯನ್ನು ಉಳಿದ ಮರಗಳ ಬುಡಕ್ಕೆ, ಕಾಂಡಕ್ಕೆ ತಾಗದಂತೆ ಹರಡಿದರೆ ಮಣ್ಣು ತಂಪಾಗಿರುತ್ತದೆ.

ಕೊನೆಗೆ ಖಾಲಿ ಜಾಗದ ಮಾತು. ಮರ ಬಿದ್ದ ಗುಂಡಿಯನ್ನು ಒಂದೆರಡು ತಿಂಗಳು ಹಾಗೇ ಬಿಟ್ಟರೆ ಅಲ್ಲಿಗೆ ಕಲ್ಲುಚಪ್ಪಡಿ ಬರುತ್ತದೆ, ಇಲ್ಲವೇ ಕಾರು ಬಂದು ನಿಲ್ಲುತ್ತದೆ. ಆಮೇಲೆ ಅಲ್ಲಿ ಮರ ಇತ್ತೆಂಬುದೇ ಮರೆತುಹೋಗುತ್ತದೆ. ಹಾಗಾಗುವ ಮೊದಲು, ಮುಂಗಾರು ಇಳಿದು ಮಣ್ಣು ನೆನೆದಿರುವಾಗಲೇ, ಪಾಲಿಕೆಯವರನ್ನು ಕೇಳಿ ಆ ಜಾಗದಲ್ಲಿ ಹೊಸ ಗಿಡ ನೆಡಿಸಿ. ಮೇಲೆ ತಂತಿ ಇರುವ ಕಡೆ ಚಿಕ್ಕ ಜಾತಿಯದು, ಜಾಗ ಇರುವ ಕಡೆ ಹೊಂಗೆ, ಬೇವು, ನೇರಳೆ. ಬುಡದ ಸುತ್ತ ಒಂದು ಮೀಟರಾದರೂ ಮಣ್ಣು ಬಿಡಿಸಿ. ಮೊದಲ ಎರಡು ಬೇಸಿಗೆ ನೀರು ಹಾಕುವ ಜವಾಬ್ದಾರಿ ನಿಮ್ಮದಾಗಲಿ. ನೋಟ್‌ಬುಕ್ಕಿನಲ್ಲಿ ಅದಕ್ಕೂ ಒಂದು ಪುಟ ಇಡಿ. 'ಯಾರು ನೆಟ್ಟದ್ದು' ಎಂಬಲ್ಲಿ ನಿಮ್ಮ ಹೆಸರು, ತಾತನ ಹೆಸರು, ತಾರೀಖು ಬರೆಯಿರಿ.